ಇಪ್ಪತ್ತೊಂದು ದಿನ ಮಲಗಿದ ಕಂಡಕ್ಟರು

ಮೊನ್ನೆ ಟಿವಿಯಲ್ಲಿ ನಾಲ್ಕು ಜನ ಕೋಟು ಹಾಕಿಕೊಂಡು ಕೂತು ಜಗಳ ಮಾಡುತ್ತಿದ್ದರು. ಮನುಷ್ಯರನ್ನು ಆಕಾಶಕ್ಕೆ ಕಳಿಸುವುದು ಇನ್ನು ಮುಂದೆ ಸರಕಾರದ ಕೆಲಸವೋ ಖಾಸಗಿ ಕಂಪನಿಗಳ ಕೆಲಸವೋ ಎಂಬುದು ಚರ್ಚೆ. ಒಬ್ಬರು ಸರಕಾರ ಎನ್ನುತ್ತಾರೆ, ಇನ್ನೊಬ್ಬರು ಖಾಸಗಿ ಎನ್ನುತ್ತಾರೆ, ಮೂರನೆಯವರು ಇಬ್ಬರೂ ಕೈ ಜೋಡಿಸಬೇಕು ಎನ್ನುತ್ತಾರೆ, ನಾಲ್ಕನೆಯವರಿಗೆ ಬಾಯಿ ತೆರೆಯಲು ಯಾರೂ ಬಿಡುವುದಿಲ್ಲ. ನಾನು ಒಣಗಿದ ಬಟ್ಟೆ ಮಡಚುತ್ತಾ ಸ್ವಲ್ಪ ಹೊತ್ತು ಕೇಳಿಸಿಕೊಂಡೆ. ಆಮೇಲೆ ಸಿಟ್ಟು ಬಂದು ಆಫ್ ಮಾಡಿದೆ. ಈ ವಿಷಯದಲ್ಲಿ ಮಾತಾಡುವ ಅರ್ಹತೆ ಇದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ. ಅವರು ಮಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರು. ಸರಕಾರ ಮತ್ತು ಖಾಸಗಿ ಎರಡೂ ಸೇರಿ ಅವರನ್ನು ಇಪ್ಪತ್ತೊಂದು ದಿನ ತಲೆ ಕೆಳಗೆ ಮಾಡಿ ಮಲಗಿಸಿದ್ದವು.

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಹೆಂಡತಿ ನನ್ನನ್ನು ಉರ್ವ ಮಾರ್ಕೆಟಿನಲ್ಲಿ ಅಡ್ಡ ಹಾಕಿ ಕೇಳುತ್ತಾಳೆ, ಕೇಳುವಾಗ ಅವಳ ಕೈಯಲ್ಲಿ ಮೀನಿನ ಕತ್ತಿ ಇರುತ್ತದೆ. ಕಂಡಕ್ಟರು ತೀರಿಹೋಗಿ ಎರಡು ಮಳೆಗಾಲ ಕಳೆಯಿತು. ಹೃದಯ ನಿಂತದ್ದು, ಮನೆಯಲ್ಲಿ, ಕುರ್ಚಿಯಲ್ಲಿ ಕೂತಿದ್ದಾಗ. ನಾನು ಹೇಳುವ ಕತೆಗೂ ಆ ಸಾವಿಗೂ ಸಂಬಂಧ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರಿನಲ್ಲಿ ಯಾರು ಸತ್ತರೂ ಆಸ್ಪತ್ರೆಯವರೇ ಕೊಂದದ್ದು ಎಂದು ಹೇಳುವವರು ಉಂಟು, ಮತ್ತು ನಾನು ಆಸ್ಪತ್ರೆಯವಳು. ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಬಿದ್ದವರನ್ನು ಎಬ್ಬಿಸಿ ನಡೆಸುವುದು ನನ್ನ ಕೆಲಸ.

ತಲೆತಲಾಂತರದಿಂದ ಕಡಲಿಗೆ ಹೋಗುವ ಮೊಗವೀರರ ಮನೆ ಅವರದ್ದು. ಅಜ್ಜ, ಅಪ್ಪ, ಮಾವಂದಿರು, ಅಣ್ಣಂದಿರು ಎಲ್ಲರೂ ಬೋಟಿನವರು. ಇವರನ್ನೂ ಹದಿನೇಳನೇ ವಯಸ್ಸಿಗೆ ಬೋಟು ಹತ್ತಿಸಿದರು. ಹೊಳೆ ಕಡಲು ಸೇರುವ ಅಳಿವೆ ದಾಟುವ ಮೊದಲೇ ವಾಂತಿ. ಎರಡನೇ ಸಲ ಹತ್ತಿಸಿದರು, ಬೋಟು ಹಗ್ಗ ಬಿಚ್ಚುವ ಮೊದಲೇ ವಾಂತಿ. ಮೂರನೇ ಸಲ ಬೋಟು ನೋಡಿದ ಕೂಡಲೇ ಎಂದು ಅವರೇ ಹೇಳುತ್ತಿದ್ದರು, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಮನೆಯವರು ಕೈಬಿಟ್ಟರು. ಕಡಲಿಗೆ ಆಗದವರು ಬಸ್ಸಿಗೆ ಬಂದರು, ಮತ್ತು ಬಸ್ಸಿನಲ್ಲಿ ಇಪ್ಪತ್ತು ವರ್ಷ ಕೂತದ್ದೇ ಇಲ್ಲ. ಬಾಗಿಲಿನ ಸರಳಿಗೆ ಒಂದು ಕೈ, ಮೆಟ್ಟಿಲಲ್ಲಿ ಒಂದು ಕಾಲು, ಉಳಿದ ಅರ್ಧ ಶರೀರ ರಸ್ತೆಯ ಮೇಲೆ. ಲೇಡಿಹಿಲ್ಲಿನ ತಿರುವಿನಲ್ಲಿ ಆ ಅರ್ಧ ಶರೀರವನ್ನು ನೋಡಿ ನಾನು ದಿನಾ ಕಣ್ಣು ಮುಚ್ಚುತ್ತಿದ್ದೆ.

ನಾನು ಉರ್ವದವಳು, ಕೆಲಸಕ್ಕೆ ಹೋಗುವುದು ಅವರ ಬಸ್ಸಿನಲ್ಲೇ. "ಒಳಗೆ ಹೋಗಿ, ಒಳಗೆ ಹೋಗಿ, ಒಳಗೆ ವಾಲಿಬಾಲ್ ಆಡುವಷ್ಟು ಜಾಗ ಉಂಟು" ಎಂದು ಅವರು ಕೂಗುವಾಗ ಒಳಗೆ ಉಸಿರಾಡಲೂ ಜಾಗ ಇರುತ್ತಿರಲಿಲ್ಲ. ಬಲ್ಮಠದ ಕಾಲೇಜಿನ ಒಬ್ಬರು ಪ್ರೊಫೆಸರು ಒಮ್ಮೆ ಇಂಗ್ಲಿಷಿನಲ್ಲಿ ಗದರಿದರು. ಇವರು ಪೂರ್ತಿ ಕೇಳಿಸಿಕೊಂಡು, "ಸರ್, ನೀವು ಹೇಳಿದ್ದು ಎಲ್ಲ ಸರಿ. ಅದನ್ನೇ ಸ್ವಲ್ಪ ಒಳಗೆ ಹೋಗಿ ಹೇಳಿ" ಎಂದರು. ಬಸ್ಸಿಡೀ ನಕ್ಕಿತು, ಪ್ರೊಫೆಸರೂ ನಕ್ಕು ಒಳಗೆ ಹೋದರು.

ಒಂದು ವಿಷಯದಲ್ಲಿ ಮಾತ್ರ ತಮಾಷೆ ನಡೆಯುತ್ತಿರಲಿಲ್ಲ. ಅದು ಟ್ರಿಪ್ ಕಟ್. ನಮ್ಮೂರಿನ ಖಾಸಗಿ ಬಸ್ಸುಗಳಿಗೆ ಮಧ್ಯಾಹ್ನ ಜನ ಕಡಿಮೆಯಾದರೆ ಆ ಹೊತ್ತಿನ ಓಡಾಟವನ್ನೇ ಬಿಟ್ಟು ಎಲ್ಲಾದರೂ ನೆರಳಿನಲ್ಲಿ ನಿಲ್ಲುವ ಅಭ್ಯಾಸ ಉಂಟು. ಅದಕ್ಕೇ ಟ್ರಿಪ್ ಕಟ್ ಎನ್ನುವುದು. ಇವರು ಅದನ್ನು ಮಾಡುತ್ತಿರಲಿಲ್ಲ. ಒಂದು ದಿನ ಮೂರು ಗಂಟೆಗೆ ಇಡೀ ಬಸ್ಸಿನಲ್ಲಿ ನಾನೊಬ್ಬಳೇ. ಡ್ರೈವರು ಊಟ ಆದ ಮುಖದಲ್ಲಿ ಹಿಂದೆ ತಿರುಗಿ ಇವರನ್ನು ನೋಡಿದ, ಮಾಲಕರ ಫೋನೂ ಬಂತು. ಇವರು ಫೋನಿಗೆ, "ಹಲೋ, ಹಲೋ, ಕೇಳುದಿಲ್ಲ" ಎಂದು ಹೇಳಿ ಕಿಸೆಗೆ ಹಾಕಿ, ಬಾಗಿಲಿನ ತಗಡಿಗೆ ಎರಡು ಸಲ ತಟ್ಟಿ "ರೈಟ್" ಎಂದರು. ಖಾಲಿ ಬಸ್ಸಿನಲ್ಲೂ ಅವರು ಕೂರಲಿಲ್ಲ.

ಸರಕಾರಿ ಬಸ್ಸಿನ ಬಗ್ಗೆಯೂ ಅವರಿಗೆ ಗೌರವ ಇರಲಿಲ್ಲ. "ಸರಕಾರಿ ಬಸ್ಸು ಖಾಲಿ ಇದ್ರೂ ಹೋಗ್ತದೆ, ಆದ್ರೆ ಕೈ ತೋರಿಸಿದ್ರೆ ನಿಲ್ಲುದಿಲ್ಲ. ನಮ್ಮದು ಕೈ ತೋರಿಸದವನನ್ನೂ ಎಳೆದು ಹತ್ತಿಸ್ತದೆ, ಆದ್ರೆ ಖಾಲಿ ಆದ್ರೆ ಹೋಗುದಿಲ್ಲ. ಎರಡಕ್ಕೂ ಮದುವೆ ಮಾಡಿಸಿದ್ರೆ ಹುಟ್ಟುವ ಮಗು ಎಂತದ್ದು ಹೇಳಿ ನೋಡುವ?" ಎಂದು ನನ್ನನ್ನು ಕೇಳಿದ್ದರು. ಸ್ವಲ್ಪ ಸಮಯದಲ್ಲೇ ಆ ಮಗು ನಮ್ಮ ಆಸ್ಪತ್ರೆಯಲ್ಲಿ ಹುಟ್ಟಿತು.

ಆಕಾಶದಲ್ಲಿ ಭಾರ ಇಲ್ಲದ್ದರಿಂದ ಶರೀರದ ರಕ್ತ ತಲೆಯ ಕಡೆಗೆ ಏರುತ್ತದೆ, ಕಾಲಿನ ಮಾಂಸಖಂಡ ಕರಗುತ್ತದೆ, ಎಲುಬು ಸವೆಯುತ್ತದೆ. ಇದನ್ನು ನೆಲದಲ್ಲೇ ಪರೀಕ್ಷಿಸಬೇಕಾದರೆ ಒಂದು ಉಪಾಯ ಉಂಟು. ಮಂಚದ ಕಾಲಿನ ಕಡೆಯನ್ನು ಸ್ವಲ್ಪ ಎತ್ತರಿಸಿ ಆರೋಗ್ಯವಂತರನ್ನು ತಲೆ ತಗ್ಗಿನಲ್ಲಿರುವಂತೆ ವಾರಗಟ್ಟಲೆ ಮಲಗಿಸುವುದು. ಊಟ, ಸ್ನಾನ, ಉಳಿದದ್ದು ಎಲ್ಲವೂ ಮಲಗಿಕೊಂಡೇ. ಸರಕಾರಕ್ಕೆ ತನ್ನ ಗಗನಯಾತ್ರಿಗಳಿಗೋಸ್ಕರ ಈ ಮಾಹಿತಿ ಬೇಕಿತ್ತು. ಮುಂದೆ ಪ್ರವಾಸಿಗರನ್ನು ಮೇಲೆ ಕರೆದುಕೊಂಡು ಹೋಗುವ ಕನಸು ಕಾಣುತ್ತಿದ್ದ ಒಂದು ಖಾಸಗಿ ಕಂಪನಿಗೂ ಬೇಕಿತ್ತು. ಇಬ್ಬರೂ ಸೇರಿ ನಮ್ಮ ಆಸ್ಪತ್ರೆಯ ಜೊತೆ ದಪ್ಪದ ಒಂದು ಒಪ್ಪಂದ ಮಾಡಿಕೊಂಡರು. ಆರು ಮಂಚ, ಆರು ಜನ, ಇಪ್ಪತ್ತೊಂದು ದಿನ.

ಆಗ ಕಂಡಕ್ಟರ ಬಸ್ಸು ಎಂಜಿನ್ ಬಿಚ್ಚಿ ಗ್ಯಾರೇಜಿನಲ್ಲಿ ಮಲಗಿತ್ತು. ಅವರಿಗೆ ನಲವತ್ತೆರಡು ವರ್ಷ, ಗಟ್ಟಿ ಆಳು. ಸುದ್ದಿ ಕೇಳಿ ತಾವಾಗಿಯೇ ಬಂದರು. "ಇಪ್ಪತ್ತು ವರ್ಷ ನಿಂತದ್ದು ಸಾಕು ಮೇಡಂ. ಮೂರು ವಾರ ಮಲಗಿ ನೋಡುವ" ಎಂದರು. ಒಪ್ಪಿಗೆ ಪತ್ರವನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದರು. ಆಮೇಲೆ ಪೆನ್ನು ಹಿಡಿದುಕೊಂಡು, "ಹೋಗ್ಲಿಕ್ಕೆ ಎಲ್ಲ ಸರಿ ಉಂಟು. ವಾಪಸು ಟ್ರಿಪ್ ಯಾರದ್ದು?" ಎಂದರು.

"ಅದೆಲ್ಲ ಉಂಟು ಮಾರಾಯ್ರೆ, ಸೈನ್ ಹಾಕಿ" ಎಂದೆ ನಾನು. ಉಂಟಾ ಇಲ್ಲವಾ ಎಂದು ನಾನು ನೋಡಿರಲಿಲ್ಲ. ಈಗ ನೆನೆಸಿಕೊಂಡರೂ ನನ್ನ ಬಾಯಿಗೆ ಎರಡು ಕೊಡಬೇಕು ಅನಿಸುತ್ತದೆ.

ಮಲಗಿದ ಮೇಲೆ ಅವರು ವಾರ್ಡನ್ನೇ ಬಸ್ಸು ಮಾಡಿದರು. ಬೆರಳಿನ ಉಂಗುರದಿಂದ ಮಂಚದ ಸರಳಿಗೆ ಒಂದು ಸಲ ತಟ್ಟಿದರೆ ನರ್ಸು ನಿಲ್ಲಬೇಕು, ಎರಡು ಸಲ ತಟ್ಟಿದರೆ ಹೋಗಬಹುದು. ಮೂರೇ ದಿನದಲ್ಲಿ ನರ್ಸುಗಳೂ ಹಾಗೇ ನಡೆಯತೊಡಗಿದರು. ರಕ್ತ ತಲೆಗಿಳಿದು ಅವರ ಮುಖ ಊದಿಕೊಂಡಿತ್ತು. ಕನ್ನಡಿ ತರಿಸಿ ನೋಡಿ, "ಮದುವೆ ದಿವಸವೂ ಇಷ್ಟು ಚಂದ ಇರ್ಲಿಲ್ಲ" ಎಂದರು. ಹೆಂಡತಿ ದಿನಾ ಮಾರ್ಕೆಟಿನಲ್ಲಿ ಮೀನು ಮಾರಿ ಮುಗಿಸಿ ಬರುತ್ತಿದ್ದಳು. ಮೊದಲ ದಿನವೇ ಬಂಗುಡೆ ಮೀನಿನ ಪುಳಿಮುಂಚಿ ಸಾರು ತಂದಳು. ಅಳತೆ ಮಾಡಿದ ಊಟ ಮಾತ್ರ ಕೊಡಬಹುದು ಎಂದು ನಾವು ತಡೆದದ್ದಕ್ಕೆ, "ಆಕಾಶಕ್ಕೆ ಹೋಗುವವರು ಮೀನು ತಿನ್ನುದಿಲ್ವಾ? ಹಾಗಾದ್ರೆ ಯಾಕೆ ಹೋಗುದು?" ಎಂದು ಜೋರು ಮಾಡಿದಳು. ಈ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಹಾಕಿದ್ದೇನೆ. ತುಳುವಿನಲ್ಲಿ ಇದಕ್ಕಿಂತ ಖಾರ ಇತ್ತು.

ಆಕಾಶದಲ್ಲಿ ಒಂದು ಕಂಪನಿಯ ವಾಹನ ಕೈಕೊಟ್ಟು ಇಬ್ಬರು ತಿಂಗಳುಗಟ್ಟಲೆ ಅಲ್ಲೇ ಉಳಿದ, ಕೊನೆಗೆ ಇನ್ನೊಂದು ಕಂಪನಿಯ ವಾಹನದಲ್ಲಿ ಇಳಿದ ಸುದ್ದಿಯನ್ನು ಯಾರೋ ಅವರಿಗೆ ಹೇಳಿದರು. ಅವರಿಗೆ ಅದು ಏನೂ ದೊಡ್ಡದು ಅನಿಸಲಿಲ್ಲ. "ಬಸ್ಸು ಹಾಳಾದ್ರೆ ಪ್ಯಾಸೆಂಜರನ್ನು ಹಿಂದಿನ ಬಸ್ಸಿಗೆ ಹತ್ತಿಸಿ ಕೊಡುದು ನಮ್ಮ ಲೈನಲ್ಲಿ ಮೊದಲಿಂದ್ಲೂ ಉಂಟು. ಅವನ ಜೊತೆ ಬೆಳಿಗ್ಗೆ ಟೈಮಿಂಗಿಗೆ ಹೊಡೆದಾಟ ಆಗಿದ್ರೂ ಹತ್ತಿಸ್ಬೇಕು. ಪುನಃ ಟಿಕೆಟ್ ಕೇಳ್ಲಿಕ್ಕಿಲ್ಲ." ನಮ್ಮ ಡಾಕ್ಟರು, ಎಂದರೆ ಈ ಪ್ರಯೋಗದ ಮುಖ್ಯಸ್ಥರು, ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡದ್ದನ್ನು ನಾನು ನೋಡಿದ್ದೇನೆ.

ಒಂಬತ್ತನೇ ದಿನ ಕಂಪನಿಯ ಮೇಲ್ ಬಂತು. ಸದ್ಯಕ್ಕೆ ಮನುಷ್ಯರನ್ನು ಕಳಿಸುವ ಯೋಚನೆ ಬಿಟ್ಟು ಉಪಗ್ರಹಗಳ ಕಡೆ ಗಮನ ಕೊಡುತ್ತೇವೆ, ಪಾಲುದಾರಿಕೆಗೆ ಧನ್ಯವಾದ. ಒಟ್ಟಿನಲ್ಲಿ ಟ್ರಿಪ್ ಕಟ್. ಡಾಕ್ಟರು ಸರಕಾರದ ಇಲಾಖೆಗೆ ಬರೆದು ಏನು ಮಾಡುವುದೆಂದು ಕೇಳಿದರು. ಎರಡು ದಿನ ಬಿಟ್ಟು ಉತ್ತರ ಬಂತು: ಮುಂದಿನ ಆದೇಶದವರೆಗೆ ಯಥಾಸ್ಥಿತಿಯನ್ನು ಕಾಯ್ದುಕೊಳ್ಳತಕ್ಕದ್ದು. ತಲೆ ಕೆಳಗಾಗಿ ಮಲಗಿದವರ ಯಥಾಸ್ಥಿತಿ! ಉಳಿದ ಐದು ಜನ ಅಷ್ಟರಲ್ಲೇ ಎದ್ದು ಹೋಗಿದ್ದರು. ಅವರು ಮಲಗಿದ್ದು ಕಡಿಮೆ ದಿನ, ವಯಸ್ಸೂ ಚಿಕ್ಕದು, ಒಂದೆರಡು ದಿನ ತಲೆ ತಿರುಗಿ ಸರಿಯಾಯಿತು.

ಕಂಡಕ್ಟರು ಏಳಲಿಲ್ಲ. ಡಾಕ್ಟರು ಬಂದು ಸಮಾಧಾನದಲ್ಲಿ ಹೇಳಿದರು, "ಒಬ್ಬರ ಲೆಕ್ಕ ಸಂಶೋಧನೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೀವು ಮಲಗಿದ್ದು ಯಾವುದಕ್ಕೂ ಉಪಯೋಗ ಆಗಲಿಕ್ಕಿಲ್ಲ."

"ಒಬ್ಬ ಪ್ಯಾಸೆಂಜರ್ ಇದ್ರೂ ಟ್ರಿಪ್ ಟ್ರಿಪ್ಪೇ ಡಾಕ್ಟ್ರೆ" ಎಂದರು ಇವರು. "ಇಪ್ಪತ್ತೊಂದು ಅಂತ ಬರ್ದು ಸೈನ್ ಹಾಕಿದ್ದೇನೆ. ಬೇಕಾದ್ರೆ ಎಳೆದು ಎಬ್ಬಿಸಿ."

ಎಳೆದು ಎಬ್ಬಿಸುವ ಧೈರ್ಯ ಡಾಕ್ಟರಿಗೆ ಇರಲಿಲ್ಲ, ಯಥಾಸ್ಥಿತಿಯ ಕಾಗದ ಬೇರೆ ಕೈಯಲ್ಲಿತ್ತು. ನಾನು ಬೈದೆ, ಹೆಂಡತಿ ಬೈದಳು. ನಾವು ಬೈಯುವುದನ್ನು ಮುಗಿಸುವವರೆಗೆ ಕಾದು ಅವರು ಸರಳಿಗೆ ಎರಡು ಸಲ ತಟ್ಟಿದರು. ಅಂತೂ ಮಾರಾಯ್ರೆ, ದೇಶಕ್ಕೂ ಬೇಡದ, ಕಂಪನಿಗೂ ಬೇಡದ ಒಂದು ಪ್ರಯಾಣವನ್ನು ಅವರು ಒಬ್ಬರೇ ಮಲಗಿ ಪೂರೈಸಿದರು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಅವರನ್ನು ಎಬ್ಬಿಸುವುದಕ್ಕೆಂದು ನಾನು ಒಪ್ಪಂದ ತೆರೆದೆ. ಅಷ್ಟು ದಿನ ತಲೆ ಕೆಳಗೆ ಮಲಗಿದವರನ್ನು ಒಂದೇ ಸಲ ನಿಲ್ಲಿಸುವ ಹಾಗಿಲ್ಲ. ಬೆಲ್ಟು ಕಟ್ಟಿ, ಓರೆಯಾಗುವ ಮೇಜಿನ ಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಎತ್ತಿ, ರಕ್ತದೊತ್ತಡ ನೋಡಿಕೊಂಡು, ಒಂದು ವಾರ ಅಭ್ಯಾಸ ಮಾಡಿಸಬೇಕು. ಒಪ್ಪಂದದ ಹಿಂದಿನ ಪುಟಗಳಲ್ಲಿ ಕೆಲಸ ಹಂಚಿದ್ದರು. ಮಲಗಿಸುವ ಹಂತ ಸರಕಾರದ್ದು. ಎಬ್ಬಿಸುವ ಹಂತ ಕಂಪನಿಯದ್ದು. ನಾನು ಆ ಪುಟವನ್ನು ಮೂರು ಸಲ ಓದಿದೆ. ಕಂಪನಿ ಹೋಗಿ ಹನ್ನೆರಡು ದಿನ ಆಗಿತ್ತು. ಇಲಾಖೆಗೆ ಫೋನ್ ಮಾಡಿದರೆ, ಎಬ್ಬಿಸುವುದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು.

ನಾನು ಫೋನಿನಲ್ಲಿ ಕೂಗಾಡುತ್ತಿದ್ದಾಗಲೇ ಕಂಡಕ್ಟರು ತಾವಾಗಿಯೇ ಎದ್ದು ಮನೆಗೆ ಹೋಗಲು ಹೊರಟರು. ಎರಡು ಹೆಜ್ಜೆಯೂ ಆಗಲಿಲ್ಲ. ಓಡಿಹೋಗಿ ನೋಡಿದರೆ ಮಂಚದ ಪಕ್ಕ ನೆಲದಲ್ಲಿ ಬಿದ್ದಿದ್ದರು, ಗಲ್ಲ ಒಡೆದು ರಕ್ತ. ಮತ್ತೆ ಮಲಗಿಸಿ ಹೊಲಿಗೆ ಹಾಕಿದೆವು. ಓಡುವ ಬಸ್ಸಿನಲ್ಲಿ ಒಂದು ಕೈಯಲ್ಲಿ ನೇತಾಡುತ್ತಿದ್ದ ಮನುಷ್ಯ ನನ್ನ ತೋಳು ಹಿಡಿದುಕೊಂಡು, "ಮೇಡಂ, ಕಾಲು ಎಲ್ಲಿ ಉಂಟು ಅಂತ್ಲೇ ಗೊತ್ತಾಗುದಿಲ್ಲ. ಇನ್ನು ಬಸ್ಸಿಗೆ ಹತ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು.

ನಮ್ಮ ವಿಭಾಗದ ಮೇಜು, ಬೆಲ್ಟು ಯಾವುದನ್ನು ಮುಟ್ಟಬೇಕಾದರೂ ರೋಗಿ ಯಾರ ಕಡೆಯವರು ಎಂದು ಕಂಪ್ಯೂಟರಿನಲ್ಲಿ ತುಂಬಬೇಕು. ಅಲ್ಲಿ ಇದ್ದದ್ದು ಮೂರೇ ಕಡೆ. ಸರಕಾರಿ ಯೋಜನೆ, ಖಾಸಗಿ, ಸಿಬ್ಬಂದಿಯ ರಕ್ತಸಂಬಂಧಿ. ಮೊದಲ ಎರಡೂ ಕೈ ತೊಳೆದುಕೊಂಡಿದ್ದವು. ನಾನು ಮೂರನೆಯದನ್ನು ಒತ್ತಿ, ಸಂಬಂಧ ಎಂಬಲ್ಲಿ ಅಣ್ಣ ಎಂದು ಬರೆದೆ.

ಅರ್ಧ ಗಂಟೆಯಲ್ಲಿ ಆಫೀಸಿನ ಕ್ಲರ್ಕು ಮೇಲೆ ಬಂದ. "ಮೇಡಂ, ನಿಮ್ಮದು ದೊಡ್ಡ ಬಂಟರ ಮನೆ, ಹೋಟೆಲಿನವರು. ಇವರು ಮೊಗವೀರರು. ಅಣ್ಣ ಹೇಗೆ?"

"ಒಂದೇ ಬರಿ" ಎಂದೆ ನಾನು.

ಬರಿ ಎಂದರೆ ನಮ್ಮ ತುಳುವರಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಕುಲ. ಜಾತಿ ಬೇರೆಯಾದರೂ ಬರಿ ಒಂದೇ ಇರಬಹುದು, ಒಂದೇ ಇದ್ದರೆ ಅಣ್ಣ-ತಂಗಿಯರೆಂದೇ ಲೆಕ್ಕ. ಅವರೊಳಗೆ ಮದುವೆ ಇಲ್ಲ. ಕ್ಲರ್ಕೂ ತುಳುವನೇ. ರಕ್ತಸಂಬಂಧ ಅಲ್ಲ ಎಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. "ಹಾಗಾದ್ರೆ ಸರಿ. ಸದ್ಯ ಶುರು ಮಾಡಿ. ನಾನು ಒಂದು ದಿವಸ ಬಂದು ಅವರ ಮನೆಯವರ ಹತ್ರ ಕೇಳಿ ಬರ್ಕೊಳ್ತೇನೆ" ಎಂದು ಹೋದ.

ನಾನು ವಾರ್ಡಿಗೆ ಓಡಿ ಸಂಗತಿ ಹೇಳಿದೆ. "ನಿಮ್ಮ ಬರಿ ಯಾವುದು ಮೇಡಂ?" ಎಂದರು ಕಂಡಕ್ಟರು. ಹೇಳಿದೆ. ಅವರು ಗಲ್ಲದ ಹೊಲಿಗೆ ಹಿಡಿದುಕೊಂಡು ನಗತೊಡಗಿದರು. "ಅದು ನನ್ನ ಹೆಂಡತಿಯ ಬರಿ! ನಾನು ನಿಮಗೆ ಭಾವ ಆಗ್ಬೇಕು."

ಕಂಪ್ಯೂಟರಿನಲ್ಲಿ ಭಾವ ಇಲ್ಲ. ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು, ಅಷ್ಟೇ. "ಹಾಗಾದ್ರೆ ಇವತ್ತಿಂದ ನನ್ನದೂ ನಿಮ್ಮ ಬರಿಯೇ" ಎಂದು ಅವರು ತೀರ್ಮಾನ ಮಾಡಿದರು. ಅದೇ ಹೊತ್ತಿಗೆ ಒಳಗೆ ಬಂದ ಹೆಂಡತಿ ಅದನ್ನು ಕೇಳಿಸಿಕೊಂಡಳು.

"ಎಂತ? ನಿಮಗೆ ನನ್ನ ಬರಿಯಾ? ಹಾಗಾದ್ರೆ ನಾನು ಯಾರು, ನಿಮ್ಮ ತಂಗಿಯಾ? ಮನೆಯಲ್ಲಿ ಎರಡು ಮಕ್ಕಳು ಉಂಟಲ್ಲ, ಅವು ನಿಮ್ಮನ್ನು ಅಪ್ಪ ಅಂತ ಕರೆಯುದಾ, ಮಾವ ಅಂತ ಕರೆಯುದಾ?" ನನ್ನ ಕಡೆಗೂ ತಿರುಗಿದಳು. "ನಿಮಗಾದ್ರೂ ನಾಚಿಕೆ ಬೇಡ್ವಾ ಮೇಡಂ? ಇನ್ನೊಬ್ಬರ ಸಂಸಾರ ಅಂದ್ರೆ ನಿಮ್ಮ ಕಂಪ್ಯೂಟರಾ, ಒತ್ತಿದ ಹಾಗೆ ಬದಲಾಗ್ಲಿಕ್ಕೆ?" ತಂದ ಬುಟ್ಟಿಯನ್ನು ಹಾಗೇ ಎತ್ತಿಕೊಂಡು ಹೋದಳು. ಮೂರು ದಿನ ಬಂದು ಬಾಗಿಲಲ್ಲೇ ನಿಂತು ನೋಡಿದಳೇ ಹೊರತು ನಮ್ಮಿಬ್ಬರ ಜೊತೆಗೂ ಮಾತಾಡಲಿಲ್ಲ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ ಎಂದು ನನಗೆ ಗೊತ್ತಿತ್ತು, ಆದರೂ ಫಾರ್ಮು ತಿದ್ದಲಿಲ್ಲ.

ಆ ಮೂರು ದಿನ ಮೇಜಿನ ಮೇಲೆ ಬೆಲ್ಟು ಕಟ್ಟಿ ಅವರನ್ನು ಎತ್ತಿದೆವು. ಸ್ವಲ್ಪ ಎತ್ತಿದ ಕೂಡಲೇ ಮುಖ ಬೂದಿಯಾಗುತ್ತಿತ್ತು, ಇಳಿಸಬೇಕಾಗುತ್ತಿತ್ತು. ಅವರ ತಮಾಷೆ ನಿಂತಿತ್ತು. ನಾಲ್ಕನೇ ದಿನ ಎರಡು ಉದ್ದ ಸರಳುಗಳ ನಡುವೆ ನೆಲದ ಮೇಲೆ ನಿಲ್ಲಿಸಿದೆ. ಹಿಂದಿನಿಂದ ಸೊಂಟದ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಕಾಲು ಗಡಗಡ ನಡುಗುತ್ತಿತ್ತು. "ಬಿಡ್ಬೇಡಿ ಮೇಡಂ, ಬಿಡ್ಬೇಡಿ" ಎಂದು ಅವರು ಅದನ್ನೇ ಹೇಳುತ್ತಿದ್ದರು. "ಬಿಡುದಿಲ್ಲ" ಎಂದು ನಾನೂ ಅದನ್ನೇ ಹೇಳುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಸರಿಯಾಗಿ ಅದೇ ಹೊತ್ತಿಗೆ ಫೈಲು ಹಿಡಿದುಕೊಂಡು ಕ್ಲರ್ಕು ಬಂದ. ಕಂಡಕ್ಟರ ಬರಿ ಕೇಳಿದ. ಅವರು ಹಲ್ಲು ಕಚ್ಚಿಕೊಂಡು ನನ್ನ ಬರಿಯ ಹೆಸರು ಹೇಳಿದರು. ಬರೆದುಕೊಂಡ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ನಿಮ್ಮ ಬರಿ ಯಾವುದಮ್ಮ?"

ಅವಳು ನಿಜ ಹೇಳಿದರೆ ಗಂಡ ಹೆಂಡತಿ ಇಬ್ಬರದ್ದೂ ಒಂದೇ ಬರಿ ಆಗುತ್ತದೆ. ಹಾಗೆ ಮದುವೆಯಾದ ತುಳುವರು ಇಲ್ಲ ಎಂದು ಕ್ಲರ್ಕಿಗೆ ಗೊತ್ತು. ಫಾರ್ಮು ಸುಳ್ಳು ಎಂದು ಹರಿಯುತ್ತಾನೆ, ಕಂಡಕ್ಟರನ್ನು ಇದೇ ಸ್ಥಿತಿಯಲ್ಲಿ ಆಟೋ ಹತ್ತಿಸಿ ಮನೆಗೆ ಕಳಿಸಬೇಕಾಗುತ್ತದೆ. ಅವಳು ಅವನ ಮುಖ ನೋಡಲಿಲ್ಲ. ಗಂಡನ ನಡುಗುವ ಮೊಣಕಾಲನ್ನು ನೋಡಿದಳು.

ಆಮೇಲೆ ಗಂಡನ ನಿಜವಾದ ಬರಿಯನ್ನು ತನ್ನದೆಂದು ಹೇಳಿದಳು. ಅವಳ ಅಮ್ಮನದ್ದು, ಅಜ್ಜಿಯದ್ದು, ಮನೆಯಲ್ಲಿದ್ದ ಎರಡು ಮಕ್ಕಳದ್ದು ಯಾವ ಬರಿಯೋ ಅದನ್ನು ಬಿಟ್ಟುಕೊಟ್ಟು, ಮೀನಿನ ಹೆಸರು ಹೇಳುವಷ್ಟು ಸಲೀಸಾಗಿ ಹೇಳಿದಳು. ಕ್ಲರ್ಕು ಬರೆದುಕೊಂಡು, ಸರಿ ಉಂಟು ಎಂದು ಫೈಲು ಮುಚ್ಚಿ ಹೋದ.

ಕಂಡಕ್ಟರು ಸರಳು ಹಿಡಿದುಕೊಂಡು ಹೆಂಡತಿಯನ್ನೇ ನೋಡುತ್ತಾ ನಿಂತುಬಿಟ್ಟರು. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದುರಿಗೆ ಬಂದಳು.

"ಎಂತ ಬಾಯಿ ಬಿಟ್ಕೊಂಡು ನೋಡುದು?" ಎಂದಳು. "ಕಾಲು ಮುಂದೆ ಇಡಿ."

ಇಟ್ಟರು.